ರೋಹಿಣಿಯ ಹದಿನಾಲ್ಕು ನಿಮಿಷ

ಚಂಪಾಬಾಯಿಯವರು ಮೊದಲ ಸಲ ನನ್ನ ಗಡಿಯಾರ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿ ಗಡಿಯಾರ ಇರಲಿಲ್ಲ. ಗೇಣುದ್ದದ ಒಂದು ಹಿತ್ತಾಳೆ ತಿರುಪು ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನ ಮಿನಿಟಿಗೆ ಒಂದ ಸುತ್ತು, ಹೆಚ್ಚಿಲ್ಲ ಕಡಿಮಿ ಇಲ್ಲ, ತಿರುಗಸ್ಲಿಕ್ಕೆ ಆಗ್ತದೇನ್ರಿ ನಿಮಗ?" ಎಂದು ಕೇಳಿದರು.

"ಎಷ್ಟ ಹೊತ್ರಿ?" ಅಂದೆ.

"ಮುಕ್ಕಾಲು ತಾಸು. ಕತ್ತಲ್ಯಾಗ."

ಆಗ ನಮ್ಮ ಊರಿನಲ್ಲಿ ದಿನಾ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಕತ್ತಲಾಗುತ್ತಿತ್ತು. ಎರಡು ಗಂಟೆಗೆ ಐದು ನಿಮಿಷ ಇರುವಾಗ ಮತ್ತೆ ಬೆಳಕು. ಮೋಡ ಕವಿದ ಮಬ್ಬಲ್ಲ, ಗ್ರಹಣದ ಕಂದು ಬಣ್ಣವೂ ಅಲ್ಲ. ಅಮಾವಾಸ್ಯೆಯ ನಡುರಾತ್ರಿಯಂಥ ಕತ್ತಲು, ಕೈ ಚಾಚಿದರೆ ಬೆರಳು ಕಾಣದ್ದು. ಆ ಹೊತ್ತಿನಲ್ಲಿ ಊರಲ್ಲಿ ಯಾರೂ ದೀಪ ಹಚ್ಚುತ್ತಿರಲಿಲ್ಲ. ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಬೇಕು, ಬೀಡಿ ಸೇದಬಾರದು. ಹಾಗಂತ ಬರೆದಿಟ್ಟವರು ಯಾರೂ ಇಲ್ಲ, ಮೀರಿದವರೂ ಇರಲಿಲ್ಲ. ಓಣಿಯ ಉದ್ದಕ್ಕೂ ಗೋಡೆಗೆ ಹಗ್ಗ ಕಟ್ಟಿದ್ದರು. ಒಂದು ಗಂಟು ಸಿಕ್ಕರೆ ಬಾವಿ, ಎರಡು ಗಂಟು ಸಿಕ್ಕರೆ ಶಾಲೆ, ಮೂರು ಸಿಕ್ಕರೆ ಔಷಧಿ ಅಂಗಡಿ. ಕೋಳಿಗಳು ದಿನಕ್ಕೆರಡು ಸಲ ಗೂಡು ಸೇರಿ ಎರಡು ಸಲ ಕೂಗುತ್ತಿದ್ದವು. ಬಸ್ಸು ಊರ ಹೊರಗಿನ ಹುಣಸೆಮರದ ಕೆಳಗೆ ನಿಂತು ಕಾಯುತ್ತಿತ್ತು. ಹೊಸ ಡ್ರೈವರುಗಳು ಗೊಣಗುತ್ತಿದ್ದರು, ಹಳಬರು ಸೀಟಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದರು. ಊರವರೆಲ್ಲ ಹನ್ನೆರಡಕ್ಕೇ ಉಣ್ಣುತ್ತಿದ್ದರು. ತಡವಾದವರು ಎರಡರ ಮೇಲೆ. ಒಂದು ಗಂಟೆಗೆ ಉಂಡವರನ್ನು ನಾನು ನೋಡಿರಲಿಲ್ಲ.

ಊರೆಲ್ಲ ನಿದ್ದೆ ಮಾಡುವ ಆ ಹೊತ್ತಿನಲ್ಲಿ ಎಚ್ಚರ ಇರುತ್ತಿದ್ದವರು ಚಂಪಾಬಾಯಿ ಒಬ್ಬರೇ. ಪೇಟೆಯ ಮೂಲೆಯಲ್ಲಿ ಅವರ ಫೋಟೋ ಸ್ಟುಡಿಯೋ. ಗಂಡ ಶ್ರೀಪತರಾಯರು ಅದನ್ನು ಶುರುಮಾಡಿದ್ದರು. ಅವರು ತೀರಿಕೊಂಡ ಮೇಲೆ ಬಾಯಿಯವರೇ ನಡೆಸುತ್ತಿದ್ದರು. ಹಗಲೆಲ್ಲ ಮದುವೆ, ಮುಂಜಿವೆ, ಶಾಲೆಯ ಗ್ರೂಪ್ ಫೋಟೋ. ಕತ್ತಲಾಯಿತೆಂದರೆ ಮಾಳಿಗೆ ಹತ್ತಿ ಆಕಾಶದ ಫೋಟೋ. ಚುಕ್ಕಿಗಳದ್ದಲ್ಲ, ಚುಕ್ಕಿಗಳ ನಡುವೆ ಹಿಂಜಿದ ಅರಳೆಯಂತೆ ಹರಡಿರುವ ನೀಹಾರಿಕೆಗಳದ್ದು. ಊರಿನವರು ಅವನ್ನು ಅರಳೆ ಎಂದೇ ಕರೆಯುತ್ತಿದ್ದರು.

ತಿರುಪಿನ ಕೆಲಸ ಏನೆಂದು ಮರುದಿನ ತಿಳಿಯಿತು. ಎರಡು ಸಾಗವಾನಿ ಹಲಗೆ, ಪುಸ್ತಕದ ಹಾಗೆ ತೆರೆದುಕೊಳ್ಳಲು ನಡುವೆ ಒಂದು ಬಾಗಿಲ ತಿರುಗಣಿ. ತಿರುಗಣಿಯ ಕಡ್ಡಿ ಧ್ರುವ ನಕ್ಷತ್ರಕ್ಕೆ ಮುಖ ಮಾಡಿರಬೇಕು. ಮೇಲಿನ ಹಲಗೆಯ ಮೇಲೆ ಕ್ಯಾಮೆರಾ. ಕೆಳಗಿನಿಂದ ತಿರುಪನ್ನು ತಿರುಗಿಸಿದಂತೆ ಹಲಗೆ ಕೂದಲೆಳೆಯಷ್ಟು ಏಳುತ್ತ, ಆಕಾಶ ಜರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾ ಜರುಗುತ್ತದೆ. ತಿರುಪು ಒಂದಿಷ್ಟು ತಪ್ಪಿದರೂ ಚುಕ್ಕಿಗಳು ಅಕ್ಕಿಕಾಳಿನಂತೆ ಉದ್ದವಾಗುತ್ತವೆ. ದೀಪವಿಲ್ಲದೆ ಗಡಿಯಾರ ನೋಡುವುದು ಹೇಗೆ? ನಾನು ಜೇಬುಗಡಿಯಾರವನ್ನು ಕಿವಿಗೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಟಿಕ್‌ಟಿಕ್ ಲೆಕ್ಕದ ಮೇಲೆ ಬೆರಳು ಆಡಿಸಿದೆ. ಮೊದಲ ನೆಗೆಟಿವ್ ತೊಳೆದ ದಿನ ಬಾಯಿಯವರು ಅಂಗಡಿಗೇ ಬಂದು, "ನೇಮಣ್ಣ, ನಿಮ್ಮ ಬೆರಳಿಗೆ ಏನ್ ಕೊಟ್ಟರೂ ಕಡಿಮಿ" ಎಂದರು. ಆ ದಿನದಿಂದ ಹನ್ನೊಂದು ವರ್ಷ, ಮಳೆಗಾಲ ಬಿಟ್ಟು, ಆ ಹೊತ್ತಿನಲ್ಲಿ ನಾನು ಅವರ ಮಾಳಿಗೆಯ ಮೇಲೆಯೇ ಇದ್ದೆ. ನನಗಾಗ ಮೂವತ್ತೊಂದು, ಅವರಿಗೆ ಮೂವತ್ತೈದು. ನಾನು ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಕ್ಕ ಪದ್ಮಕ್ಕ ಇದ್ದಳು. "ಮಂದಿ ಏನಾರ ಅಂತಾರೋ" ಎಂದು ಒಮ್ಮೆ ಹೇಳಿದಳು. ಆದರೆ ಮಂದಿ ಆ ಹೊತ್ತಿನಲ್ಲಿ ಮಲಗಿರುತ್ತಿದ್ದರು.

ನಾನು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರಿಂದ ಆಕಾಶವನ್ನು ಕಂಡದ್ದು ಅವರ ಮಾತಿನಲ್ಲಿ. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಕ್ಯಾಮೆರಾದೊಳಗೆ ಇಣುಕಿ, ತಮ್ಮಷ್ಟಕ್ಕೇ ಮಾತಾಡಿಕೊಂಡು ಚೌಕಟ್ಟು ಹೂಡುತ್ತಿದ್ದರು. "ಈ ಅರಳಿಗೆ ಮಾರಿ ಬಲಕ್ಕದ, ಬಲಕ್ಕ ಜಾಗಾ ಬಿಡಬೇಕು. ನಟ್ಟ ನಡುವ ಇಟ್ರ ಪಾಸ್‌ಪೋರ್ಟ್ ಫೋಟೋ ಆಗ್ತದ." ಇಲ್ಲದಿದ್ದರೆ, "ಈ ಕರೀ ಜಾಗಾ ಬಿಡ್ಲೋ ಇಟ್ಕೊಳ್ಲೋ ನೇಮಣ್ಣ? ಏನೂ ಇಲ್ಲ ಅಲ್ಲಿ. ಆದ್ರ ಅದು ಇಲ್ಲಂದ್ರ ಬಾಜೂಕಿನ ಬೆಳಕು ಬೆಳಕ ಅನಸೂದಿಲ್ಲ." ನಾನು, "ಇರ್ಲಿ ಬಿಡ್ರಿ" ಅನ್ನುತ್ತಿದ್ದೆ. ಸಂಕ್ರಾಂತಿಯ ಸುತ್ತಮುತ್ತ ತೆಂಕಣ ದಿಕ್ಕಿನ ದೊಡ್ಡ ಅರಳೆಗಳು ಸಿಗುತ್ತಿದ್ದವು. ಆಗ ತೆಗೆದ ಚಿತ್ರಗಳನ್ನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ವಧೂವರರ ಫೋಟೋಗಳ ಪಕ್ಕ ಇಡುತ್ತಿದ್ದರು. ಜನ ಮೊದಲು ವಧೂವರರನ್ನು ನೋಡಿ, ಆಮೇಲೆ ಇದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು.

ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಮಾತ್ರ ಸಿಕ್ಕಿರಲಿಲ್ಲ. ಬೇರೆ ಊರಿನವರು ರೋಹಿಣಿ, ಮೃಗಶಿರ ಎಂಬ ಮಳೆ ನಕ್ಷತ್ರಗಳನ್ನು ಪಂಚಾಂಗದಲ್ಲಿ ಓದುತ್ತಾರೆ. ಸೂರ್ಯ ಅಲ್ಲಿರುವಾಗ ಅವು ಯಾರಿಗೂ ಕಾಣುವುದಿಲ್ಲ. ನಮ್ಮ ಊರಿನಲ್ಲಿ ಕಾಣುತ್ತಿದ್ದವು. ರೋಹಿಣಿ ಮಳೆ ಹೂಡುವ ಮುಂಚಿನ ನಾಲ್ಕೈದು ದಿನ, ಮೋಡ ಇಲ್ಲದಿದ್ದರೆ, ನಡುಮಧ್ಯಾಹ್ನದ ಕತ್ತಲಲ್ಲಿ ಬೇಟೆಗಾರನ ನಕ್ಷತ್ರಗಳು ನೆತ್ತಿಗೆ ಬಂದಿರುತ್ತಿದ್ದವು. ಆ ಬೇಟೆಗಾರನ ಎಡಗಡೆ, ಕಣ್ಣಿಗೆ ಕಾಣದ, ಕೆಂಪು ಬೆಳಕಿಗೆ ಸ್ಪಂದಿಸುವ ಫಿಲ್ಮಿಗೆ ಮಾತ್ರ ಕಾಣುವ ಒಂದು ದೊಡ್ಡ ಕಮಾನು ಇದೆ ಎಂದು ಶ್ರೀಪತರಾಯರು ಹೇಳಿದ್ದರು. ಒಂದು ನೆಗೆಟಿವ್‌ನಲ್ಲಿ ಅದು ಬಿದ್ದಿತ್ತಂತೆ. ಬಾಯಿಯವರು ಹನ್ನೊಂದು ವರ್ಷದಲ್ಲಿ ಹನ್ನೊಂದು ರೋಹಿಣಿ ಕಾದರು. ಕೆಲವು ಸಲ ಮೋಡ, ಕೆಲವು ಸಲ ಧೂಳು, ಒಮ್ಮೆ ಬೆಕ್ಕು ಹಲಗೆಯ ಮೇಲೆ ಹಾರಿತು. ಆಕಾಶ ಸ್ವಚ್ಛವಾಗಿದ್ದ ನಾಲ್ಕು ವರ್ಷವೂ ಕಮಾನು ಬೀಳಲಿಲ್ಲ.

ಹನ್ನೊಂದನೆಯ ವರ್ಷದ ದೀಪಾವಳಿಯ ಹೊತ್ತಿಗೆ ಕತ್ತಲು ಕಡಿಮೆಯಾಗತೊಡಗಿತು. ಮೊದಲು ಗೊತ್ತಾದದ್ದು ನನಗೆ, ಗಡಿಯಾರ ಕಿವಿಯಲ್ಲಿತ್ತಲ್ಲ. ಎರಡು ನಿಮಿಷ ತಡವಾಗಿ ಬಂತು, ಎರಡು ನಿಮಿಷ ಮುಂಚೆ ಹೋಯಿತು. ಯುಗಾದಿಯ ವೇಳೆಗೆ ಅರ್ಧ ತಾಸೂ ಉಳಿಯಲಿಲ್ಲ. ಕೋಳಿಗಳು ಗೂಡಿಗೆ ಹೋಗುವುದೋ ಬೇಡವೋ ತಿಳಿಯದೆ ಅಂಗಳದಲ್ಲಿ ನಿಂತಿರುತ್ತಿದ್ದವು. ನಿದ್ದೆಗೆ ಸಾಲದೆಂದು ಜನ ಕಿಟಕಿಗೆ ಕಂಬಳಿ ಕಟ್ಟಿದರು. ಇಷ್ಟು ಸಣ್ಣ ಕತ್ತಲಿಗೆ ಅಡುಗೆ ಯಾಕೆ ನಿಲ್ಲಿಸಬೇಕು ಎಂದು ಕೆಲವರು ಒಲೆ ಉರಿಸತೊಡಗಿದರು, ಗ್ಯಾಸ್‌ಬತ್ತಿ ಹಚ್ಚಿದರು. ಮುಂದಿನ ವರ್ಷ ಕತ್ತಲು ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಸಂಜೆ ಬಾಯಿಯವರು ಟ್ರಂಕಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟರು. ಶ್ರೀಪತರಾಯರ ಆ ನೆಗೆಟಿವ್. "ಇದನ್ನ ನಾ ಹಸೀ ಇದ್ದಾಗ ಒಮ್ಮೆ ನೋಡಿದ್ದು, ಆಮ್ಯಾಲ ನೋಡೇ ಇಲ್ಲ" ಎಂದರು.

"ಯಾಕ್ರಿ?"

ಟ್ರಂಕಿನ ಮುಚ್ಚಳ ಹಾಕಿ ಹೇಳಿದರು. "ಅವತ್ತು ಒಂದೇ ಒಂದು ರೋಲ್ ಉಳದಿತ್ತು. ಮರುದಿನ ಶಾಲಿ ಗ್ರೂಪ್ ಫೋಟೋ. ಇವರು ಅದನ್ನ ಆಕಾಶಕ್ಕ ಹಾಕಿಬಿಟ್ರು. ತೊಳದು, ಕುಣಕೋತ ಬಂದು, ಚಂಪಾ ನೋಡು ಕಮಾನು ಅಂದ್ರು. ನಾ ಸಿಟ್ಟಿಗೆದ್ದು, ಕಮಾನಲ್ಲ ಅದು, ಕಲೆ, ಟ್ರೇ ಸರಿ ತೊಳದಿಲ್ಲ ನೀವು ಅಂದೆ. ಮೂರ ದಿನಕ್ಕ ಎದಿನೋವು ಬಂದು ಹೋದ್ರು. ಆ ಮೂರ ದಿನ ಅವರು ಮಾಳಿಗಿ ಹತ್ತಲಿಲ್ಲ."

ನೆಗೆಟಿವ್‌ನ ಅರ್ಧ ಭಾಗ ಮಸಕಾಗಿತ್ತು. ಅದರಲ್ಲಿ ಆಕಾಶ ಬಿಳಿ, ಚುಕ್ಕಿಗಳು ಕಪ್ಪು. ಎಡಕ್ಕೆ ಕುಡುಗೋಲಿನಂತೆ ಬಾಗಿದ ಬೂದು ಗೆರೆ. ಕಲೆಯೂ ಇರಬಹುದು. ಗಡಿಯಾರ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮನುಷ್ಯರ ಫೋಟೋ ನೋಡುವ ಹಾಗಲ್ಲ, ಚಕ್ರಗಳನ್ನು ನೋಡುವ ಹಾಗೆ ಮೂಲೆಯಿಂದ ಮೂಲೆಗೆ ನೋಡಿದೆ. ಎಡಗಡೆಯ ಕೆಳಮೂಲೆಯಲ್ಲಿ ಒಂದು ದಪ್ಪ ಕಪ್ಪು ಬೊಟ್ಟು.

"ಬಾಯಾರ, ಈ ಮೂಲ್ಯಾಗ ಇರೂದು ಯಾವ ಚುಕ್ಕಿ?"

ಅವರು ಭೂತಗನ್ನಡಿ ಇಸಿದುಕೊಂಡು ನೋಡಿದರು. "ಲುಬ್ಧಕ. ಬೇಟೆಗಾರನ ನಾಯಿ."

"ನಮ್ಮ ಫೋಟೋದಾಗ ಅದು ಒಮ್ಮೆನೂ ಬಂದಿಲ್ಲಲ್ರಿ. ನಿಮ್ಮ ಬಾಯಾಗ ಅದರ ಹೆಸರ ಕೇಳಿಲ್ಲ ನಾ."

ಅವರು ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ನಾವು ಬೇಟೆಗಾರನಿಗೆ ಹಾಕುತ್ತಿದ್ದದ್ದು ಉದ್ದನೆಯ ಲೆನ್ಸು, ಮದುಮಗಳ ಮುಖ ತೆಗೆಯುವಂಥದ್ದು. ಹತ್ತಿರ ಹೋದಷ್ಟೂ ಚೆನ್ನ ಎಂದು ಅವರ ನಂಬಿಕೆ. ಅದರ ಚೌಕಟ್ಟಿನಲ್ಲಿ ನಾಯಿ ಬರುವುದು ಸಾಧ್ಯವೇ ಇರಲಿಲ್ಲ. "ಗ್ರೂಪ್ ಫೋಟೋದ ಲೆನ್ಸು" ಎಂದರು. "ಮರುದಿನ ಶಾಲಿಗೆ ಅಂತ ಕ್ಯಾಮೆರಾಕ್ಕ ಅದನ್ನ ಹಾಕಿಟ್ಟಿದ್ವಿ. ಇವರು ತಗೀಲೇ ಇಲ್ಲ. ಅಯ್ಯ, ಅಷ್ಟ ದೊಡ್ಡದದ ಏನು ಆ ಕಮಾನು? ನಾವು ಅದರ ಒಂದೊಂದ ತುಣುಕಿನ ಮ್ಯಾಲ ಕಣ್ಣಿಟ್ಟು ಹುಡುಕಿದ್ವೇನ್ರಿ ಇಷ್ಟು ವರ್ಷ?"

ಆ ವರ್ಷದ ರೋಹಿಣಿಗೆ ಕತ್ತಲು ಹದಿನಾಲ್ಕು ನಿಮಿಷಕ್ಕೆ ಇಳಿದಿತ್ತು. ಒಂದು ಗಂಟೆ ಹದಿಮೂರಕ್ಕೆ ಬಂದು ಇಪ್ಪತ್ತೇಳಕ್ಕೆ ಹೋಗುವುದು. ನಾಲ್ಕು ದಿನ ಬಿಡದೆ ಮೋಡ. ಐದನೆಯ ದಿನ ಬೆಳಗಾಗುತ್ತಲೇ ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಅದೇ ದಿನ ಸ್ಟುಡಿಯೋದ ಎದುರಿನ ಗಾಣದ ಬಾಳಪ್ಪನ ಮಗಳು ಕಸ್ತೂರಿಯ ಮದುವೆ. ಅಕ್ಕಿಕಾಳು, ಅಂದರೆ ಮುಹೂರ್ತದ ಅಕ್ಷತೆ, ಬೀಳುವುದು ಒಂದು ಇಪ್ಪತ್ತಕ್ಕೆ. ಚಪ್ಪರದಲ್ಲಿ ಎಂಟು ಗ್ಯಾಸ್‌ಬತ್ತಿ ತೂಗುಹಾಕಿದ್ದರು. ಫೋಟೋ ತೆಗೆಯಲು ಒಪ್ಪಿಕೊಂಡವರು ಚಂಪಾಬಾಯಿಯೇ.

ಹತ್ತು ಗಂಟೆಗೆ ಇಬ್ಬರೂ ಬಾಳಪ್ಪನ ಹತ್ತಿರ ಹೋದೆವು. ಬಾಯಿಯವರು ಸುತ್ತು ಬಳಸದೆ ಕೇಳಿದರು. "ಹದಿನಾಕ ಮಿನಿಟ್ ಬತ್ತಿ ಹಚ್ಚಬ್ಯಾಡ್ರಿ ಬಾಳಪ್ಪಣ್ಣ. ಅಕ್ಕಿಕಾಳು ಕತ್ತಲು ಹೋದ ಮ್ಯಾಲ ಹಾಕ್ರಿ. ಎಂಟ ಬತ್ತಿ ಬೆಳಕು ಎದುರಿಗೆ ಇದ್ರ ಮಾಳಿಗಿ ಮ್ಯಾಲ ನನಗೇನೂ ಸಿಗೂದಿಲ್ಲ."

ಬಾಳಪ್ಪ ಹೌಹಾರಿದ. "ಏನ್ ಮಾತ್ರಿ ಬಾಯಾರ! ಬೀಗರು ಪರಊರವರು. ಮುಹೂರ್ತ ಬಿಟ್ಟು ಕತ್ತಲ್ಯಾಗ ಕುಂದ್ರಸಿದ್ರ ನನ್ನ ಮಾರಿಗೆ ಉಗುಳತಾರ. ಮತ್ತ ಫೋಟೋ ತಗಿಯಾಕ ನೀವ ಇರಂಗಿಲ್ಲ ಅಂತೀರಿ!"

"ಅಕ್ಕಿಕಾಳಿಗೆ ಬರ್ತೀನಿ. ಓಡಿ ಬರ್ತೀನಿ."

"ಆಗೂದಿಲ್ರಿ. ಕತ್ತಲ ಕಾಲ ಮುಗೀತು. ನಾವೂ ನಾಕ ಮಂದಿ ಹಂಗ ಇರಬೇಕಲ್ಲ?"

ಅರಿಶಿನ ಹಚ್ಚಿಸಿಕೊಳ್ಳುತ್ತ ಒಳಗೆ ಕೂತಿದ್ದ ಕಸ್ತೂರಿ ಬಾಗಿಲಿಗೆ ಬಂದಳು. "ಅಪ್ಪಾ, ಬೀಗರನ್ನ ಒಂದ ಮಾತು ಕೇಳು. ಅವರ ಬ್ಯಾಡಂದ್ರ ಬಿಡು" ಎಂದಳು. ಬಾಳಪ್ಪ ಸಿಡುಕುತ್ತಲೇ ಬೀಗರು ಇಳಿದಿದ್ದ ಜಾನುವಸಕ್ಕೆ ಹೋದ. ಹತ್ತು ನಿಮಿಷದಲ್ಲಿ ವರನ ಅಜ್ಜಿಯೊಂದಿಗೆ ಬಂದ. ಕೋಲೂರಿಕೊಂಡ ಮುದುಕಿ. ಬಾಯಿಯವರನ್ನು ಮೇಲಿಂದ ಕೆಳಗೆ ನೋಡಿ, "ಕತ್ತಲಕ್ಕ ಬತ್ತಿ ಹಚ್ಚತೀವಿ ಅಂತ ಇವರು ಹೇಳಿದ್ದು ನನ್ನ ಮನಸ್ಸಿಗೆ ಬಂದಿಲ್ಲ" ಎಂದಳು. "ಈ ಊರ ಹೆಣ್ಣು ತರೋಣು ಅಂದಾಕಿ ನಾನು. ಹಗಲಿನ ಚುಕ್ಕಿ ನೋಡಿ ಸಾಯಬೇಕು ಅಂತ. ಮುಹೂರ್ತದ ಮಾತು ಅಯ್ಯನವರಿಗೆ ನಾ ಹೇಳ್ತೀನಿ. ನೀ ಹೋಗವ್ವ, ನಿನ್ನ ಕೆಲಸ ನೋಡು."

ಒಂದು ಗಂಟೆ ಹದಿಮೂರಕ್ಕೆ ಕತ್ತಲಾಯಿತು. ಎದುರಿನ ಚಪ್ಪರದಲ್ಲಿ ಮುನ್ನೂರು ಜನ. ಚಪ್ಪರದ ಬಟ್ಟೆಯನ್ನು ಅಜ್ಜಿ ಮೊದಲೇ ಬಿಚ್ಚಿಸಿದ್ದಳು. ಎಲ್ಲರೂ ಒಮ್ಮೆಗೇ ಉಸಿರು ಎಳೆದುಕೊಂಡದ್ದು ಮಾಳಿಗೆಯವರೆಗೂ ಕೇಳಿಸಿತು. ಗೋಣಿಯ ಮೇಲೆ ಮಲಗಿದ ಬಾಯಿಯವರು ಚೌಕಟ್ಟು ಹೂಡಿದರು. "ಬೇಟೆಗಾರನ್ನ ಬಲಕ್ಕ ಸರಸ್ತೀನಿ. ನಾಯಿ ಕೆಳಮೂಲಿಗೆ. ನಡುವೆಲ್ಲ ಖಾಲಿ ನೇಮಣ್ಣ. ನಟ್ಟ ನಡುವ ಏನೂ ಇಲ್ಲದ ಫೋಟೋ ನಾ ಎಂದೂ ತಗದಿಲ್ಲ."

"ಇರ್ಲಿ ಬಿಡ್ರಿ" ಎಂದೆ. ಶಟರ್ ತೆರೆದುಕೊಂಡಿತು. ನಾನು ಕಣ್ಣು ಮುಚ್ಚಿ ತಿರುಪು ಹಿಡಿದೆ.

ಎರಡು ನಿಮಿಷ ಕಳೆದಿರಬೇಕು, ಚಪ್ಪರದಲ್ಲಿ ಯಾರೋ ಹೆಂಗಸು ಸೋಬಾನ ಎತ್ತಿದಳು. ಆಕೆಯ ಹಿಂದೆ ಹತ್ತು ದನಿ, ಆಮೇಲೆ ನೂರು. ದೀಪವಿಲ್ಲದ ಮದುವೆಯಲ್ಲಿ ಹಾಡಲ್ಲದೆ ಇನ್ನೇನು ಮಾಡಿಯಾರು? ಹಾಡು ಮಾಳಿಗೆಯನ್ನು ತುಂಬಿತು. ನನ್ನ ಕಿವಿಯಲ್ಲಿ ಗಡಿಯಾರ ಸತ್ತುಹೋಯಿತು. "ಬಾಯಾರ, ಕೇಳಸವಲ್ದು! ಲೆಕ್ಕ ತಪ್ಪತೈತಿ!" ಎಂದು ಕೂಗಿದೆ. ಅವರು ತೆವಳಿಕೊಂಡು ಬಂದರು. ಗಡಿಯಾರವನ್ನು ನನ್ನ ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಅದರ ಮೇಲೆ ಅಂಗೈ ಮುಚ್ಚಿ, ಇನ್ನೊಂದು ಕಿವಿಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಮುಚ್ಚಿದರು. ಆಗ ಟಿಕ್‌ಟಿಕ್ ಕಿವಿಗಲ್ಲ, ಹಲ್ಲಿಗೆ ಕೇಳಿಸಿತು. ಉಳಿದ ಅಷ್ಟೂ ನಿಮಿಷ ಅವರು ಹಾಗೆಯೇ ಮಂಡಿಯೂರಿ, ನನ್ನ ತಲೆಯನ್ನು ಎರಡು ಕೈಗಳಲ್ಲಿ ಹಿಡಿದು ಕೂತಿದ್ದರು. ಅವರ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಶಟರ್ ಮುಚ್ಚಿದ ಮೇಲೆ ಇನ್ನೂ ಅರ್ಧ ನಿಮಿಷ ಕತ್ತಲು ಉಳಿದಿತ್ತು. "ಕಣ್ಣ ತಗೀರಿ ನೇಮಣ್ಣ. ಮ್ಯಾಲ ನೋಡ್ರಿ" ಎಂದರು. ನೋಡಿದೆ. ನನಗೆ ಕಮಾನು ಕಾಣಲಿಲ್ಲ, ಕಾಣುವಂಥದ್ದೂ ಅಲ್ಲ. ಆದರೆ ಅಷ್ಟು ಚುಕ್ಕಿಗಳನ್ನು, ಅಷ್ಟು ಹತ್ತಿರದಲ್ಲಿ, ನಾನು ಚಿಕ್ಕವನಾಗಿದ್ದಾಗಿನಿಂದ ನೋಡಿರಲಿಲ್ಲ. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬೆಳಕಾಯಿತು. ಊರಿನ ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು. ಬಾಯಿಯವರು ಇನ್ನೊಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಚಪ್ಪರಕ್ಕೆ ಓಡಿದರು. ಅವರು ತಲುಪುವ ಮುಂಚೆಯೇ ಅಕ್ಕಿಕಾಳು ಬಿದ್ದುಹೋಗಿತ್ತು. ಹಾಡಿನ ಹುರುಪಿನಲ್ಲಿ ಯಾರೂ ಅವರಿಗಾಗಿ ಕಾದಿರಲಿಲ್ಲ.

ಅಂದು ಸಂಜೆ ಕತ್ತಲೆಕೋಣೆಯಿಂದ ಅವರು ಕರೆದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹೊಸ ನೆಗೆಟಿವ್ ಆಗಷ್ಟೇ ಒಣಗಿತ್ತು. ಅದನ್ನು ಬೆಳಕಿನ ಗಾಜಿನ ಮೇಲಿಟ್ಟು, ಶ್ರೀಪತರಾಯರ ಹಳೆಯದನ್ನು ಅದರ ಮೇಲಿಟ್ಟು, ಮೆಲ್ಲಗೆ ಜರುಗಿಸಿದರು. ಚುಕ್ಕಿಯ ಮೇಲೆ ಚುಕ್ಕಿ ಕೂತಿತು. ನಾಯಿಯ ಮೇಲೆ ನಾಯಿ. ಆಮೇಲೆ ಬೂದು ಗೆರೆಯ ಮೇಲೆ ಬೂದು ಗೆರೆ, ಮೇಲಿಂದ ಕೆಳಗಿನವರೆಗೆ, ಒಂದೇ ಒಂದು ಕಮಾನು.

"ಕಲೆ ಎರಡ ಸಲ ಒಂದ ಜಾಗಾದಾಗ ಬೀಳೂದಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಸಂತೋಷ ಪಡುತ್ತಾರೆಂದು ನಾನು ಕಾದಿದ್ದೆ. ಅವರು ಸ್ಟೂಲಿನ ಮೇಲೆ ಕೂತು, "ಒಂದ ಸಲ ಹೌದ್ರಿ ಅಂದಿದ್ರ ಸಾಕಿತ್ತು" ಎಂದರು. "ಖರೇ ಇರ್ಲಿ, ಸುಳ್ಳ ಇರ್ಲಿ. ಕುಣಕೋತ ಬಂದಿದ್ರು. ಹೌದ್ರಿ ಅಂದಿದ್ರ ನಂದೇನ್ ಹೋಗ್ತಿತ್ತು?" ಎಂದು ಅತ್ತರು. ಅವರು ಕೇಳಿದ್ದು ನನ್ನನ್ನಲ್ಲ.

ಮದುವೆಯ ಆಲ್ಬಮ್ಮಿನಲ್ಲಿ ಅಕ್ಕಿಕಾಳಿನ ಫೋಟೋ ಇರಬೇಕಾದ ಪುಟಕ್ಕೆ ಅವರು ಆ ಆಕಾಶವನ್ನು ಅಂಟಿಸಿದರು. ಬಾಳಪ್ಪ ಗೊಣಗಿದ. ಕಸ್ತೂರಿ ಮಾತ್ರ ಬಹಳ ಹೊತ್ತು ನೋಡಿ, "ಈ ಹೊತ್ತಿಗೆ ನಾನು ಕೆಳಗ ಕುಂತಿದ್ದೆ, ಹೌದಲ್ರಿ?" ಎಂದಳು. ಗಂಡನ ಮನೆಯಲ್ಲಿ ಅಜ್ಜಿ ಬಂದವರಿಗೆಲ್ಲ ಮೊದಲು ಆ ಪುಟವನ್ನೇ ತೆಗೆದು ತೋರಿಸುತ್ತಿದ್ದಳಂತೆ.

ಕಾರಹುಣ್ಣಿಮೆಯ ಹೊತ್ತಿಗೆ ಕತ್ತಲು ಪೂರ್ತಿ ನಿಂತಿತು. ಮೊದಲ ದಿನ ಊರಿನವರೆಲ್ಲ ಓಣಿಗೆ ಬಂದು ನಿಂತು ಕಾದರು. ಒಂದೂ ಇಪ್ಪತ್ತು ಆಯಿತು, ಒಂದೂವರೆ ಆಯಿತು. ಬಿಸಿಲು ಹಾಗೇ ಇತ್ತು. ಒಬ್ಬೊಬ್ಬರಾಗಿ ಒಳಗೆ ಹೋದರು. ಹುಣಸೆಮರದ ಕೆಳಗಿನ ಬಸ್ಸು ಸ್ವಲ್ಪ ಹೊತ್ತು ಅನುಮಾನಿಸಿ, ಹಾರ್ನ್ ಹೊಡೆದು, ಊರೊಳಗೆ ಬಂತು.

ನಾನು ಅಭ್ಯಾಸಬಲದಿಂದ ಮಾಳಿಗೆ ಹತ್ತಿದ್ದೆ. ಬಾಯಿಯವರೂ ಅಲ್ಲಿದ್ದರು. ಹಲಗೆಗಳನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ಬಿಸಿಲಿಗೆ ಇಬ್ಬರಿಗೂ ಕಣ್ಣು ಬಿಡಲಾಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಕಿವಿಯ ಪಕ್ಕ ಕೂದಲು ನರೆತಿತ್ತು. ಹುಬ್ಬಿನ ಮೇಲೊಂದು ಸಣ್ಣ ಗಾಯದ ಗುರುತು. ಅವರೂ ನನ್ನನ್ನು ನೋಡುತ್ತಿದ್ದಾರೆಂದು ತಿಳಿದು ನಾನು ಅಂಗಿಯ ಗುಂಡಿ ಹಾಕಿಕೊಂಡೆ. ಇಬ್ಬರಿಗೂ ಮಾಡಲು ಏನೂ ಕೆಲಸವಿರಲಿಲ್ಲ.

"ಊಟಾ ಆಗೇದೇನ್ರಿ ನಿಮ್ಮದು?" ಎಂದರು.

ಪದ್ಮಕ್ಕ ಹನ್ನೆರಡಕ್ಕೇ ಬಡಿಸಿದ್ದಳು. ಎರಡು ರೊಟ್ಟಿ ಉಂಡಿದ್ದೆ.

"ಇಲ್ರಿ" ಎಂದೆ.

"ಬರ್ರಿ ಹಂಗಾದ್ರ" ಎಂದು ಅವರು ಮೆಟ್ಟಿಲು ಇಳಿಯತೊಡಗಿದರು. ನಾನು ಅವರ ಹಿಂದೆ ಇಳಿದೆ.